ಮೂವತ್ತಮೂರರ ವೇಗ

"ಇದಲ್ಲ," ಎಂದ ವಿಕ್ಟರ್. "ಇದು ಬೇರೆ ಯಾರೋ ಹೆಂಗಸು ಹಾಡಿದ್ದು."

ಸೋನಲ್ ಹಾಡುತ್ತಿದ್ದ ಫೋನನ್ನು ಅಪ್ಪನ ಮುಂದೆ ಹಿಡಿದಳು. "ಪಪ್ಪಾ, ಅದೇ ಬ್ರಿಟಿಷ್ ಸೋಲ್ ಮ್ಯೂಸಿಕ್ ಗ್ರೂಪ್, ಅದೇ ಹಾಡು. ಹಾಡೋದೇ ಹೆಂಗಸು."

ವಿಕ್ಟರನ ಹೆಂಡತಿ ಹೆಲೆನ್ ತೀರಿಕೊಂಡು ಇಪ್ಪತ್ತನಾಲ್ಕು ದಿನವಾಗಿತ್ತು. ಮಂಗಳೂರಲ್ಲಾದರೆ ಮರುದಿನವೇ ಅಂತ್ಯಕ್ರಿಯೆ ಮುಗಿಯುತ್ತಿತ್ತು. ಸ್ವೀಡನ್ನಿನ ಈ ಸ್ಯಾಂಡ್‌ವಿಕೆನ್‌ನಲ್ಲಿ ಸರದಿ ಬರಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ, ಸ್ಮಶಾನದ ಚಾಪೆಲಿನಲ್ಲಿ, ಅರ್ಧ ಗಂಟೆ. ಕೊನೆಗೆ ತನ್ನ ಇಷ್ಟದ ಹಾಡು ಹಾಕಬೇಕೆಂದು ಅವಳು ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ್ದಳು.

ವಿಕ್ಟರ್ ಮನೆಯ ರೆಕಾರ್ಡನ್ನೇ ತಂದು ಹಾಕಿದ. ಎಳೆದೆಳೆದು, ಬಾವಿಯೊಳಗಿಂದ ಬಂದಂತೆ ಗಂಡುದನಿ ಹೊರಟಿತು. ವೃದ್ಧಾಶ್ರಮದ ಪಾಳಿ ಮುಗಿಸಿ ಬಂದು ಹೆಲೆನ್ ಕಾಲು ಚಾಚಿ ಕೇಳುತ್ತಿದ್ದದ್ದು ಇದನ್ನೇ. "ಪಾಪ, ಈ ಮನುಷ್ಯ ನನಗಿಂತ ಸುಸ್ತಾಗಿದ್ದಾನೆ" ಎನ್ನುತ್ತಿದ್ದಳು.

ಸೋನಲ್ ಬಗ್ಗಿ ಲೇಬಲ್ ಓದಿದಳು. "ಪಪ್ಪಾ, ಇದು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕು. ನೀವು ಮೂವತ್ತಮೂರರಲ್ಲಿ ಇಟ್ಟಿದ್ದೀರಿ. ಅದಕ್ಕೇ ಹೆಂಗಸಿನ ದನಿ ಗಂಡಸಿನದಾಗಿದೆ."

"ದೊಡ್ಡ ರೆಕಾರ್ಡೆಲ್ಲ ಮೂವತ್ತಮೂರೇ ಅಲ್ವಾ ಮಾರಾಯ್ತಿ?"

"ನೇಯ್, ಅಲ್ಲ! ಈ ಥರದ ಹಾಡಿಗೆ ಡೌನ್‌ಟೆಂಪೋ ಅಂತಾರೆ, ಮೊದಲೇ ಸ್ಲೋ. ಕ್ಲಬ್ಬಲ್ಲಿ ಕುಣಿದು ಸುಸ್ತಾದವರು ಮನೆಗೆ ಬಂದು ಕೇಳ್ಲಿ ಅಂತಾನೇ ಶುರುವಾದದ್ದು. ನೀವಿಬ್ಬರೂ ಅದನ್ನೂ ಮಲಗಿಸಿಬಿಟ್ಟಿದ್ದೀರಿ." ನಗಲು ಹೋದವಳು ಅಪ್ಪನ ಮುಖ ನೋಡಿ ಫೋನ್ ಕೆಳಗಿಟ್ಟಳು.

ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಓಡಿಸಿದವನು ಅವನು. ಯಾವ ಲೋಹಕ್ಕೆ ಎಷ್ಟು ವೇಗ ಎಂದು ಹೊಸಬರಿಗೆಲ್ಲ ಕಲಿಸಿದವನು.

"ಹಾಗಾದ್ರೆ ಆ ಮನುಷ್ಯ ಇಲ್ಲವೇ ಇಲ್ವಾ?"

"ಇಲ್ಲ ಪಪ್ಪಾ. ನಾಳೆ ಸರಿಯಾದದ್ದೇ ಹಾಕೋಣ. ಮಮ್ಮಿಯ ಜೊತೆ ಕೆಲಸ ಮಾಡ್ತಿದ್ದವರಿಗೆಲ್ಲ ಈ ಹಾಡು ಗೊತ್ತು. ಹೀಗೆ ಹಾಕಿದ್ರೆ ನಗ್ತಾರೆ."

ವಿಕ್ಟರ್ ರೆಕಾರ್ಡನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದ.

"ನಗಲಿ ಮಗಾ. ನಿನ್ನ ಮಮ್ಮಿಗೆ ಆ ಹೆಂಗಸಿನ ಪರಿಚಯವೇ ಇಲ್ಲ."

ಮರುದಿನ ಅವನೇ ರೆಕಾರ್ಡ್ ಪ್ಲೇಯರ್ ಹೊತ್ತು ತಂದು ಶವಪೆಟ್ಟಿಗೆಯ ಪಕ್ಕ ಇಟ್ಟ. ದನಿ ಹೊರಟಾಗ ವೃದ್ಧಾಶ್ರಮದಲ್ಲಿ ಹೆಲೆನ್ ಜೊತೆ ದುಡಿದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಯಾರೂ ನಗಲಿಲ್ಲ. ಐದು ನಿಮಿಷದ ಹಾಡು ಆರಾದರೂ ಮುಗಿಯಲಿಲ್ಲ. ಹತ್ತೂವರೆ ದಾಟಿತು. ಹೊರಗೆ ಹಿಮದಲ್ಲಿ ಮುಂದಿನ ಸರದಿಯವರು ಕಾಯುತ್ತಿದ್ದರು. ಚಾಪೆಲಿನ ನೌಕರ ಹೊತ್ತಾಯಿತೆಂದು ಹೇಳಲು ಬಾಗಿಲು ತೆರೆದವನು ಒಂದು ಗಳಿಗೆ ಹಾಗೇ ನಿಂತು ಕೇಳಿದ. ಆಮೇಲೆ ಕಾಯುತ್ತಿದ್ದವರನ್ನೂ ಒಳಗೆ ಕರೆದು, ಸದ್ದಾಗದಂತೆ ಬಾಗಿಲು ಮುಚ್ಚಿದ. ತಮ್ಮವರಿಗೆಂದು ತಂದ ಒಂದೊಂದೇ ಹೂ ಹಿಡಿದುಕೊಂಡು ಅವರು ಗೋಡೆಯ ಪಕ್ಕ ಸಾಲಾಗಿ ನಿಂತರು.