ಎರಿ ಮುರಿಯುವ ದಾರಿ

ಮುರಿದ ಜೇನಿನ ಎರಿಯನ್ನು ಅವಳು ಪೆಟ್ಟಿಗೆಯ ಮರದ ಚೌಕಟ್ಟಿಗೆ ನೂಲಿನಿಂದ ಕಟ್ಟುತ್ತಿದ್ದಳು. ಬೆರಳಿಗೆ ಬೆರಳು ಅಂಟುತ್ತಿತ್ತು. ಸುತ್ತು ಬಿಗಿಯಾದರೆ ನೂಲು ಮೇಣವನ್ನು ಕತ್ತರಿಸುತ್ತದೆ, ಸಡಿಲವಾದರೆ ಎರಿ ಜಾರುತ್ತದೆ. ಜೇನುಪೆಟ್ಟಿಗೆಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೂವಿರುವ ಬೆಟ್ಟಕ್ಕೆ ಒಯ್ಯುವುದು, ಹೂ ಮುಗಿದ ಮೇಲೆ ಇಳಿಸಿ ತರುವುದು ಅವರ ಕಸುಬು. ಈ ಸಲ ತಂದು ಮುಚ್ಚಳ ತೆಗೆದರೆ ಎರಿಗಳು ತಳಕ್ಕೆ ಕುಸಿದು, ಹುಳುಗಳು ತಮ್ಮದೇ ಜೇನಿನಲ್ಲಿ ಮುಳುಗಿದ್ದವು. ಎರಡು ಪೆಟ್ಟಿಗೆಗಳ ರಾಣಿಗಳೂ ಸತ್ತಿದ್ದವು.

"ಇನ್ನೊಂದು ಸಲ ಹಿಂಗಾದ್ರೆ ಪೆಟ್ಟಿಗೆ ಎಲ್ಲಾ ಕೇಳ್ತಾ ಇರೋ ಆ ತೋಟದವನಿಗೆ ಕೊಟ್ಟುಬಿಡ್ತೀನಿ. ಇಟ್ಟಿಗೆ ಬಾಡಿಗೆ ಹೊಡ್ಕೊಂಡು ಇರ್ತೀನಿ. ಇಟ್ಟಿಗೆ ಏನೂ ಸಾಯಲ್ಲ" ಎಂದಿದ್ದ ಗಂಡ. ಅವನು ಕೂಗಾಡಿ ಹೇಳಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊಟ ಮಾಡುತ್ತಾ ಸಮಾಧಾನವಾಗಿ ಹೇಳಿದ್ದ. ಪೆಟ್ಟಿಗೆಗಳಲ್ಲಿ ಮೊದಲನೆಯದನ್ನು ಅವಳು ಮದುವೆಗೆ ಮುಂಚೆ ತಾನೇ ಹಲಗೆ ಕುಯ್ದು ಮಾಡಿದ್ದಳು.

"ಹುಳಕ್ಕೆ ಹೊಲಿಗೆ ಹಾಕೋ ಸೊಸೆ ಇನ್ಯಾರಿಗೂ ಸಿಕ್ಕಿರಲ್ಲ ಬಿಡು" ಎಂದು ಅತ್ತೆ ಜಗಲಿಯಿಂದ ನಕ್ಕರು.

ಗಂಡ ಗಾಡಿಯ ಕೀಲಿ ತಿರುಗಿಸುತ್ತಾ ಬಂದ. "ಹಿಂದಕ್ಕೆ ಹೊಸ ಶಾಕಬ್ಸರ್ ಹಾಕಿಸ್ತೀನಿ. ದಪ್ಪ, ಗ್ಯಾಸ್ ತುಂಬಿರೋದು. ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ಸ್ಟ್ಯಾಂಡಲ್ಲಿ ಎಲ್ರೂ ಹೇಳ್ತಾರೆ."

"ಅವರೆಲ್ಲ ಏನು ಹೇರ್ತಾರೆ?"

"ಕಲ್ಲು, ಮರಳು."

"ಹಾಗಾದ್ರೆ ನಾನೂ ಅಂಗಡಿಗೆ ಬರ್ತೀನಿ."

"ನೀನ್ಯಾಕೆ? ಅಲ್ಲೇನು ಬಟ್ಟೆ ಮಾರ್ತಾರಾ?"

"ಹಿಂದೆ ಕೂರೋದು ನನ್ನ ಹುಳಗಳು. ಅವುಗಳ ಪರವಾಗಿ ಬರ್ತೀನಿ."

ಬಿಡಿಭಾಗದ ಅಂಗಡಿಯವನು ಯಾವ ಗಾಡಿ ಬಂದರೂ ಮೊದಲು ಅದರ ಮೂಲೆ ಒತ್ತಿ ಕುಲುಕಿ ನೋಡುತ್ತಿದ್ದ. ಅದಕ್ಕೇ ಎಲ್ಲರಿಗೂ ಅವನು ಕುಲುಕಪ್ಪ. ರಬ್ಬರಿನ ವಾಸನೆಯ ಆ ಇಕ್ಕಟ್ಟಿನಲ್ಲಿ ಶಾಕ್ ಅಬ್ಸಾರ್ಬರುಗಳು ಕೊಕ್ಕೆಗಳಿಂದ ನೇತಾಡುತ್ತಿದ್ದವು. ಅವಳು ಒಂದನ್ನು ಹಿಡಿದು ಎಳೆದು ನೋಡಿದಳು. ತೋಳು ನಡುಗಿತೇ ಹೊರತು ಅದು ಜಗ್ಗಲಿಲ್ಲ.

"ಇದು ಏನು ಮಾಡುತ್ತೆ ಅಣ್ಣಾ, ಭಾರ ಹೊರುತ್ತಾ?"

"ಭಾರ ಹೊರೋದು ಪಟ್ಟಿ ಸ್ಪ್ರಿಂಗು. ಸ್ಪ್ರಿಂಗಿಗೆ ಕುಣಿಯೋ ಚಟ. ಆ ಕುಣಿತ ನಿಲ್ಲಿಸೋನು ಇವನು. ಮೆತ್ತಗಿರೋದು ಟಾರಿಗೆ ಸುಖ. ಕಲ್ಲುದಾರೀಲಿ ಒಳಗಿನ ಎಣ್ಣೆ ಕಾದು ನೊರೆಯಾಗಿ ಕೈಕೊಡುತ್ತೆ. ಗಟ್ಟಿಯಾಗಿರೋದು ಕಲ್ಲಿಗೆ ಸರಿ, ಟಾರಲ್ಲಿ ಸಣ್ಣ ಹರಳನ್ನೂ ಬಿಡದೆ ಮೇಲಕ್ಕೆ ಕಳಿಸುತ್ತೆ. ನಿಮ್ಮದು ಟಾರೆಷ್ಟು, ಕಲ್ಲೆಷ್ಟು?"

"ಅರ್ಧರ್ಧ" ಎಂದ ಗಂಡ.

"ಟಾರೇ ಜಾಸ್ತಿ. ಟೀ ಅಂಗಡಿ ದಾಟಿದ ಮೇಲಷ್ಟೇ ಕಲ್ಲು" ಎಂದಳು ಅವಳು.

"ನಿನಗೇನು ಗೊತ್ತು, ನೀನು ನಿದ್ದೇಲಿರ್ತೀಯ."

"ಆ ಕಲ್ಲಲ್ಲಿ ನಿದ್ದೆ ಬರಬೇಕಾದ್ರೆ ನಾನು ಸತ್ತಿರಬೇಕು."

ಕುಲುಕಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಸರಿ, ಎರಿ ಮುರಿಯೋದೆಲ್ಲಿ? ಟಾರಲ್ಲೋ, ಕಲ್ಲಲ್ಲೋ?"

ಇಷ್ಟು ವರ್ಷ ಇಬ್ಬರೂ ಮುಂದೆ ಕೂತೇ ಹೋಗಿದ್ದರು. ಹಿಂದೆ ಏನಾಗುತ್ತದೆಂದು ಕಂಡವರೇ ಇರಲಿಲ್ಲ.

"ನಾನು ನೋಡ್ಕೊಂಡು ಬರ್ತೀನಿ" ಎಂದಳು ಅವಳು.

"ಹೋಗಿಬಂದ ತಕ್ಷಣ ಈಗಿರೋ ಎರಡನ್ನೂ ಮುಟ್ಟಿ ನೋಡಮ್ಮ" ಎಂದ ಕುಲುಕಪ್ಪ. "ಕೆಲಸ ಮಾಡಿದ್ದು ಬಿಸಿಯಾಗಿರುತ್ತೆ. ಸತ್ತಿದ್ದು ತಣ್ಣಗಿರುತ್ತೆ."

ಮನೆಗೆ ಹೋಗಿ, ಭಾರಕ್ಕೆಂದು ಖಾಲಿ ಪೆಟ್ಟಿಗೆಗಳಿಗೆ ಮರಳು ತುಂಬಿ ಹೇರಿದರು. ಒಂದರಲ್ಲಿ ಮಾತ್ರ ಹಳೆಯ ಎರಿಗಳನ್ನಿಟ್ಟು, ಮುಚ್ಚಳ ತೆಗೆದು, ಅವಳು ಪಕ್ಕದಲ್ಲಿ ಕೂತಳು. ಧೂಳಿಗೆಂದು ಜೇನು ಬಿಡಿಸುವಾಗಿನ ಜಾಲರಿ ಟೋಪಿ ಹಾಕಿಕೊಂಡಿದ್ದಳು. ಹಿಂದಿನ ಬಸ್ಸಿನ ಮಕ್ಕಳು ಅವಳನ್ನು ಕಂಡು ಕಿಟಕಿಗೆ ಮುಗಿಬಿದ್ದರು. ಅವಳು ಕೈಬೀಸಿದಳು.

ಅವಳು ಅಂದುಕೊಂಡದ್ದೆಲ್ಲ ತಪ್ಪಾಗಿತ್ತು. ಚಕ್ರ ಗುಂಡಿಗೆ ಇಳಿಯುವಾಗ ಎರಿಗಳಿಗೆ ಏನೂ ಆಗುತ್ತಿರಲಿಲ್ಲ. ಗುಂಡಿಯಿಂದ ಮೇಲೆದ್ದ ಗಾಡಿ ಅಲ್ಲಿಗೇ ನಿಲ್ಲದೆ ಇನ್ನೊಮ್ಮೆ, ಮತ್ತೊಮ್ಮೆ ಜಿಗಿಯುತ್ತಿತ್ತು. ಆ ಬೇಡದ ಜಿಗಿತದಲ್ಲೇ ಚೌಕಟ್ಟುಗಳು ಮೇಲೆದ್ದು ಟಪ್ಪೆಂದು ಬೀಳುತ್ತಿದ್ದವು. ಅದೂ ಎಡಮೂಲೆಯಲ್ಲೇ ಹೆಚ್ಚು. ಮೊದಲ ಎರಿ ಮುರಿದದ್ದು ಟಾರ್ ರಸ್ತೆಯ ಹಂಪಿನಲ್ಲಿ, ಕಲ್ಲುದಾರಿ ಇನ್ನೂ ಶುರುವಾಗುವ ಮುಂಚೆಯೇ.

ಕಲ್ಲುದಾರಿಯಲ್ಲೂ ಸ್ವಲ್ಪ ದೂರ ಹೋಗಿ ನಿಲ್ಲಿಸಿದಾಗ ಅವಳು ಇಳಿದು ಗಾಡಿಯಡಿಗೆ ಕೈ ಹಾಕಿದಳು. ಬಲಗಡೆಯದು ಸುಡುತ್ತಿತ್ತು. ಎಡಗಡೆಯದು ನೀರಿನ ಕೊಳಾಯಿಯಷ್ಟು ತಣ್ಣಗಿತ್ತು.

ಗಂಡನೂ ಮುಟ್ಟಿ ನೋಡಿದ. "ಇದು ಯಾವಾಗ ಸತ್ತಿತ್ತೋ! ನನಗೆ ಸ್ಟೇರಿಂಗಲ್ಲಿ ಗೊತ್ತೇ ಆಗಲಿಲ್ಲ ಕಣೇ."

"ಮುಂದೆ ಕೂತವರಿಗೆ ಹೇಗೆ ಗೊತ್ತಾಗುತ್ತೆ?" ಎಂದಳು. ಚುಚ್ಚಲು ಹೇಳಿದ್ದಲ್ಲ, ನಿಜಕ್ಕೂ ಯೋಚಿಸುತ್ತಿದ್ದಳು. ಅವನು ಮಾತ್ರ ಬಾಗಿಲನ್ನು ಧಡಾರನೆ ಎಳೆದುಕೊಂಡು ಗಾಡಿಯನ್ನು ಅಂಗಡಿಯ ಕಡೆಗೆ ತಿರುಗಿಸಿದ.

ಅಂಗಡಿಯಲ್ಲಿ ಕುಲುಕಪ್ಪ ಇನ್ನೊಂದು ಬಗೆಯದನ್ನು ತೆಗೆದಿಟ್ಟ. ಬುಡದಲ್ಲೊಂದು ತಿರುಪು, ಒಂದರಿಂದ ಒಂಬತ್ತು. ಒಂದಕ್ಕೆ ಮೆತ್ತಗೆ, ಒಂಬತ್ತಕ್ಕೆ ಗಟ್ಟಿ.

"ಹುಳಕ್ಕೆ ಎಷ್ಟರಲ್ಲಿಡಬೇಕು?" ಎಂದು ಅವಳು ಕೇಳಿದಳು.

"ಅದು ನನಗೂ ಗೊತ್ತಿಲ್ಲಮ್ಮ. ಹಿಂದೆ ಕೂತು ನೋಡಿ ಬಂದು ಹೇಳಿದವರು ಯಾರೂ ಇಲ್ಲ."

ಜೋಡಿಸಿದ ಕೂಡಲೇ ಗಂಡ ಬಗ್ಗಿ ಎರಡನ್ನೂ ಒಂಬತ್ತಕ್ಕೆ ತಿರುಗಿಸಿದ. ಕುಲುಕಪ್ಪ ಹುಬ್ಬೇರಿಸಿ ಅವಳ ಕಡೆ ನೋಡಿದ, ಅವಳು ಇರಲಿ ಬಿಡಿ ಎಂಬಂತೆ ಕೈಯಾಡಿಸಿದಳು. ಸತ್ತ ಶಾಕ್ ಅಬ್ಸಾರ್ಬರನ್ನು ಗುರುತಿಸಲಾಗದ ಡ್ರೈವರಿಗೆ ಆ ಒಂಬತ್ತು ಬೇಕಾಗಿತ್ತು.

ಮನೆ ತಲುಪಿದಾಗ ಅವನ ಮುಖ ಅರಳಿತ್ತು. "ಬಂಡೆ ಥರ ನಿಂತಿದೆ ನೋಡವ್ವಾ! ಇನ್ನು ಯಾರೂ ಅದನ್ನ ಮುಟ್ಟಬೇಡಿ" ಎಂದು ತಾಯಿಗೆ ಹೇಳುತ್ತಾ ಕೈಕಾಲು ತೊಳೆಯಲು ಒಳಗೆ ಹೋದ.

ಅವಳು ಗಾಡಿಯ ಹಿಂದಿದ್ದ ಎರಿಯ ಪೆಟ್ಟಿಗೆಯೊಳಗೆ ಬಗ್ಗಿದಳು. ಹೊಸದಾಗಿ ಯಾವ ಎರಿಯೂ ಬಿದ್ದಿರಲಿಲ್ಲ. ಆದರೆ ಒಂದರ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಓಡಿತ್ತು. ಟಾರಿನ ಹರಳುಗಳನ್ನೆಲ್ಲ ಒಂಬತ್ತು ಮೇಲಕ್ಕೆ ಕಳಿಸಿತ್ತು. ಹೇಳೋಣವೆಂದು ಬಾಗಿಲ ಕಡೆ ತಿರುಗಿದಳು. ಒಳಗೆ ಅವನು ಶಿಳ್ಳೆ ಹಾಕುತ್ತಿದ್ದ.

ಅವಳು ಗಾಡಿಯಡಿಗೆ ಕೈ ಚಾಚಿ ತಿರುಪು ಹಿಡಿದಳು. ಟಕ್. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಐದಕ್ಕೆ ಬಂದು ನಿಲ್ಲಿಸಿದಳು. ಟಾರಿಗೆ ಐದು ಹೆಚ್ಚೋ ಕಡಿಮೆಯೋ, ಎರಿಗಳೇ ಹೇಳಬೇಕು. ಟೀ ಅಂಗಡಿಯಲ್ಲಿ ಅವನು ಟೀ ಕುಡಿಯುವ ಹೊತ್ತಿಗೆ ಕಲ್ಲಿಗೆಂದು ಒಂದೆರಡು ಏರಿಸಬಹುದು. ಪೆಟ್ಟಿಗೆ ಇಳಿಸಿ ಖಾಲಿ ಬರುವಾಗ ಅವನ ಒಂಬತ್ತು ಅವನಿಗೇ ಇರಲಿ.

"ಗಾಡಿ ಕೆಳಗೆ ಏನು ಹುಡುಕ್ತಿದೀಯೇ?" ಎಂದರು ಅತ್ತೆ.

"ನೂಲಿನ ಉಂಡೆ ಉರುಳಿಹೋಯ್ತು ಅತ್ತೆ" ಎಂದು, ತಿರುಪಿಗೆ ಅಂಟಿದ್ದ ಮೇಣವನ್ನು ಹೆಬ್ಬೆರಳಿನಿಂದ ಒರೆಸಿ, ಅವಳು ಎದ್ದಳು.