ಗುಂಡವ್ವನ ಮೊಳಕೆ ಬಟ್ಟೆ

ಮೊಳಕೆ ಕಟ್ಟುವುದರಲ್ಲಿ ಗುಂಡವ್ವನನ್ನು ಮೀರಿಸುವವರು ಆಲಮೇಲದ ಸುತ್ತ ಯಾರೂ ಇಲ್ಲ. ಹಾಗಂತ ಗುಂಡವ್ವನೇ ಹೇಳುತ್ತಿದ್ದಳು. ಉಳಿದವರ ಮಡಕಿ ಕಾಳು ನಿಧಾನಕ್ಕೆ ಬಾಲ ಬಿಟ್ಟರೆ, ಇವಳದು ಬೆಳಗಾಗುವುದರೊಳಗೆ ಮೊಳಕೆ ಒಡೆಯುತ್ತಿತ್ತು. ಗುಟ್ಟು ಒಂದು ಹಳೇ ಬಟ್ಟೆಯಲ್ಲಿತ್ತು. ನೆನೆಸಿದ ಕಾಳನ್ನು ಅದರಲ್ಲಿ ಬಿಗಿಯಾಗಿ ಕಟ್ಟಿ ಒಲೆಯ ಹತ್ತಿರ ತೂಗುಹಾಕುವಳು. ಕಾಳು ತೆಗೆದ ಮೇಲೆ ಬಟ್ಟೆಯನ್ನು ಬರೀ ನೀರಿನಲ್ಲಿ ಹಿಂಡಿಡುವಳು. ಅದಕ್ಕೆ ಸಾಬೂನು ಮುಟ್ಟಿಸುತ್ತಿರಲಿಲ್ಲ.

"ಮೊಸರಿಗೆ ಹೆಪ್ಪು ಇರ್ತೈತಲ್ಲ, ಹಂಗ ಇದು ಮೊಳಕಿಗೆ ಹೆಪ್ಪು. ಒಗದ್ರ ಹೆಪ್ಪು ಹೋಗತೈತಿ," ಎನ್ನುವಳು.

ಮಗಳು ಪ್ರಜ್ಞಾ ಚೊಚ್ಚಲ ಹೆರಿಗೆಗೆಂದು ಇಂಡಿಯಿಂದ ತವರಿಗೆ ಬಂದಳು. ಗುಂಡವ್ವನ ಸಂಭ್ರಮ ಕೇಳಬೇಕೆ? ದಿನಾ ಮುಂಜಾನೆ ಬಟ್ಟಲು ತುಂಬ ಹಸಿ ಮೊಳಕೆ, ಮೇಲೆ ಉಳ್ಳಾಗಡ್ಡಿ, ನಿಂಬೆರಸ. ಬೇಯಿಸಿದರೆ ಕಸುವು ಹೋಗುತ್ತದೆ ಎಂಬುದು ಅವಳ ನಂಬಿಕೆ. ತಾನೂ ಮಗಳ ಜೊತೆ ಒಂದು ಮುಷ್ಟಿ ತಿನ್ನುವಳು.

ಒಂದು ದಿನ ಪ್ರಜ್ಞಾಳಿಗೆ ಜ್ವರ ಬಂತು. ಜೊತೆಗೆ ವಾಂತಿ-ಭೇದಿ. ನಿಲ್ಲಲೂ ಆಗದ ಮಗಳನ್ನು ಸಿಂದಗಿಗೆ ಕರೆದೊಯ್ದು ಸಲೈನ್ ಹಾಕಿಸಿದರು. ಊರಿಗೆ ಮರಳಿದ ಮೇಲೆ ಗುಂಡವ್ವ ಮೊದಲು ಮಾಡಿದ ಕೆಲಸ, ಕೆಟ್ಟ ದೃಷ್ಟಿ ತಾಗಿದೆಯೆಂದು ನೆದರು ತೆಗೆದದ್ದು. ಎರಡನೆಯದು, ಮತ್ತೆ ಮೊಳಕೆ ಕಟ್ಟಿದ್ದು.

ಆಶಾ ಕಾರ್ಯಕರ್ತೆ ಜೈತುನಬಿ ವಿಚಾರಿಸಲು ಬಂದಾಗ ಹಸಿ ಮೊಳಕೆಯ ಬಟ್ಟಲು ಪ್ರಜ್ಞಾಳ ಮುಂದಿತ್ತು.

"ಕೂಸು ಒದೀತೈತೇನವಾ?"

"ಈಗ ಒದೀತೈತಿ ಅಕ್ಕಾ. ಆದ್ರ ಅವತ್ತ ದವಾಖಾನಿ ಮುಟ್ಟೂತನಕ ಒದೀಲೇ ಇಲ್ಲ. ನನ್ನ ಜೀವಾನ ಹೋದಂಗಾಗಿತ್ತು."

"ಡಾಕ್ಟರ್ ಏನಂದ್ರು?"

"ತಿಂದದ್ದರಾಗ ಏನೋ ಕ್ರಿಮಿ ಹೋಗ್ಯಾವ ಅಂದ್ರು."

ಜೈತುನಬಿ ಬಟ್ಟಲನ್ನು ಮೆಲ್ಲಗೆ ಈಚೆ ಸರಿಸಿದಳು. ಗುಂಡವ್ವನಿಗೆ ಸಿಟ್ಟು ಬಂತು.

"ಅದನ್ಯಾಕ ಸರಸಾಕತ್ತಿ? ನಮ್ಮ ಹೊಲದ ಕಾಳವಾ ಅದು. ಮೂರ ನೀರ ತೊಳದೇನಿ. ನಾ ಸಣ್ಣಾಕಿ ಇದ್ದಾಗಿಂದ ತಿಂತೇನಿ, ನನಗೇನಾಗೇತಿ?"

ಹೊರಗೆ ಕಟ್ಟೆಯ ಮೇಲಿದ್ದ ಗಂಡ ಶಂಕ್ರೆಪ್ಪ ಸುಮ್ಮನಿರಲಿಲ್ಲ. "ಸುಳ್ಳ ಹೇಳಬ್ಯಾಡ. ಅವತ್ತ ನೀನೂ ಬಯಲಕಡೆ ಓಡಿ ಓಡಿ ಚರಿಗಿ ಕೆಳಗ ಇಟ್ಟಿಲ್ಲ!"

"ನೀವೇನ ತಿಂದಿದ್ರಿ ಕಾಕಾ?" ಜೈತುನಬಿ ಕೇಳಿದಳು.

"ಅದೇ ಕಾಳು. ನನಗ ಹಲ್ಲ ಎಲ್ಲಿ ಅದಾವ? ಮೆತ್ತಗ ಕುದಿಸಿ ಉಸುಳಿ ಮಾಡಿ ಕೊಡ್ತಾಳ. ನಾ ಗಟ್ಟಿ ಅದೇನಿ ನೋಡು."

ಜೈತುನಬಿ ಒಲೆಯ ಬಳಿ ಹಿಂಡಿ ತೂಗುಹಾಕಿದ್ದ ಖಾಲಿ ಬಟ್ಟೆಯ ಕಡೆ ಬೊಟ್ಟು ಮಾಡಿದಳು.

"ಚಿಗವ್ವ, ಇದು ಹೆಪ್ಪು ಅಂತೀರಲ್ಲ, ಖರೇನ ಹೆಪ್ಪೈತ್ರಿ. ಹೊಲದಾಗ ತಿಪ್ಪಿಗೊಬ್ಬರ, ಕಣದಾಗ ಹಕ್ಕಿ, ಚೀಲದಾಗ ಇಲಿ. ಕಾಳಿಗೆ ಹೊಲಸು ಎಲ್ಲಿಂದಾದ್ರೂ ತಾಗತೈತಿ. ಸಿಪ್ಪಿ ಬಿರುಕಿನ್ಯಾಗ ಕ್ರಿಮಿ ಹೊಕ್ಕು ಸುಮ್ನ ಮಲಗಿರ್ತಾವ. ನೀರು, ಬೆಚ್ಚಗ ಜಾಗಾ ಸಿಕ್ತಂದ್ರ ಕಾಳಿನ ಜೋಡಿ ಅವೂ ಎದ್ದು ಬೆಳೀತಾವ. ಮೊಳಕಿಗೆ ಅಂಟಿಕೊಂತಾವ, ಒಳಗೂ ಹೋಗ್ತಾವ. ಅಲ್ಲಿಗೆ ನಿಮ್ಮ ಮೂರ ನೀರು ಮುಟ್ಟಂಗಿಲ್ಲ. ಉಳಿದವು ಈ ಬಟ್ಟ್ಯಾಗ ಕುಂತು ಮರುದಿನದ ಕಾಳಿಗೆ ಹತ್ತತಾವ."

"ಕೆಟ್ಟಿದ್ರ ವಾಸನಿ ಬರತಿತ್ತಲ್ಲ?"

"ಹಾಲು ಕೆಟ್ರ ವಾಸನಿ ಬರತೈತಿ. ಇದು ತಾಜಾನ ಕಾಣತೈತಿ, ರುಚಿನೂ ಇರತೈತಿ. ಅದಕ್ಕ ಅಂಜಿಕಿ ಚಿಗವ್ವ. ಬಸರಿ ಹೆಂಗಸಿಗೆ ಇಂಥಾ ಜಡ್ಡು ಆದ್ರ ಕೂಸಿಗೂ ಧೋಕಾ."

"ಕುದಿಸಿದ್ರ ಕಸುವು ಹೋಗಂಗಿಲ್ಲೇನು?"

"ಸ್ವಲ್ಪ ಹೋಗಬಹುದು. ಕಾಳಿನ ಕಸುವು ನಾಳೆನೂ ಸಿಗತೈತಿ. ಕೂಸು?"

ಗುಂಡವ್ವ ಮಗಳ ಹೊಟ್ಟೆಯನ್ನೇ ನೋಡುತ್ತ ಕುಳಿತಳು. "ನನ್ನ ಕೈಯಾರೆ ತಿನಿಸಿದ್ನಲ್ಲವಾ..." ಪ್ರಜ್ಞಾ ತಾಯಿಯ ಕೈ ಹಿಡಿದುಕೊಂಡಳು. ಗೊತ್ತಿಲ್ಲದೆ ಆದದ್ದಕ್ಕೆ ತಾಯಿಯನ್ನು ಬೈಯುವವರು ಯಾರಿದ್ದರು?

ಆಮೇಲೆ ಗುಂಡವ್ವ ಎದ್ದು ಹೋಗಿ ಬಟ್ಟೆಯನ್ನು ಒಲೆಗೆ ಹಾಕಿದಳು. ಹಸಿ ಬಟ್ಟೆ ತುಸು ಹೊತ್ತು ಹೊಗೆಯಾಡಿ ಉರಿಯಿತು. ಬಟ್ಟಲಲ್ಲಿದ್ದ ಮೊಳಕೆಯನ್ನು ಬೋಗುಣಿಗೆ ಸುರಿದು, ಕೊತಕೊತ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಎಲ್ಲರಿಗೂ ಬಿಸಿ ಬಿಸಿ ಉಸುಳಿ ಬಡಿಸಿದಳು.

"ನನಗ ಹಲ್ಲಿಲ್ಲಂತ ನಗತಿದ್ದಿ," ಎಂದ ಶಂಕ್ರೆಪ್ಪ. "ಈಗ ಮನಿಮಂದೆಲ್ಲ ನನ್ನ ಊಟಕ್ಕ ಬಂದ್ರಿ."

ಅಕ್ಕ-ತಂಗಿಯರೇ, ಮೊಳಕೆ ಕಾಳು ಬಿಡಿ ಎಂದು ನಾವು ಹೇಳುತ್ತಿಲ್ಲ. ಅದು ಒಳ್ಳೆಯ ಆಹಾರವೇ. ಆದರೆ ಚೆನ್ನಾಗಿ ಬೇಯಿಸಿ ತಿನ್ನಿ. ಬಸುರಿ, ಬಾಣಂತಿ, ಸಣ್ಣ ಮಕ್ಕಳು, ವಯಸ್ಸಾದವರಿಗೆ ಹಸಿಯದು ಬೇಡವೇ ಬೇಡ. ಕಾಳು ಕಟ್ಟುವ ಮುನ್ನ ಕೈ ತೊಳೆಯಿರಿ, ಬಟ್ಟೆಯನ್ನು ಪ್ರತಿ ಸಲ ಸಾಬೂನಿನಿಂದ ಒಗೆದು, ಕುದಿಸಿ, ಬಿಸಿಲಿಗೆ ಒಣಗಿಸಿ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯ ಸೊಪ್ಪೂ ಮಣ್ಣು-ಗೊಬ್ಬರದಲ್ಲೇ ಬೆಳೆದದ್ದು. ಎಲೆ ಬಿಡಿಸಿ ಶುದ್ಧ ನೀರಿನಲ್ಲಿ ತೊಳೆಯಿರಿ. ಬಸುರಿಗೆ ಅದನ್ನೂ ಬೇಯಿಸಿಯೇ ಕೊಡಿ. ವಾಂತಿ-ಭೇದಿಯಾದರೆ, ಕೂಸಿನ ಒದೆತ ಕಡಿಮೆಯಾದರೆ, ನೆದರು ತೆಗೆಯುತ್ತ ಕೂರದೆ ದವಾಖಾನೆಗೆ ಹೋಗಿ.

ನಿಮ್ಮ ಒಲೆಯ ಹತ್ತಿರವೂ ಅಂಥದೊಂದು ಬಟ್ಟೆ ತೂಗುತ್ತಿರಬಹುದು. ಇವತ್ತೇ ಇಳಿಸಿ. ಹೆಪ್ಪು ಮೊಸರಿಗಷ್ಟೇ ಇರಲಿ.