ಒಂಬತ್ತನೇ ಪುಟ

ಹೆಬ್ಬೆರಳಿಗೆ ಎಂಜಲು ಹಚ್ಚಿದರು, ಐದನೇ ಪುಟ ತಿರುಗಿತು, ಸಮುದ್ರದಾಚೆ ಹೋದರೂ ನಮ್ಮ ಮಂತ್ರಿಗಳು ಎಂಜಲು ಬಿಡಲಿಲ್ಲ, ಹಿಂದೆ ಸಾಲು ಬಾವುಟ, ಎದುರಿಗೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಇಪ್ಪತ್ತು ದೇಶದವರು, ಹೆಣ್ಣುಮಕ್ಕಳ ಶಿಕ್ಷಣದ ಅಂತರರಾಷ್ಟ್ರೀಯ ನೀತಿ ಮಂಡಳಿ, ಅಷ್ಟೂ ಗೌರಿಬಿದನೂರಿನ ನಮ್ಮ ಮನೆಯ ಮೊಬೈಲಿನಲ್ಲಿ, ನೀರಿನ ಚೊಂಬಿಗೆ ಒರಗಿಸಿಟ್ಟಿದ್ದೇನೆ, ಪಕ್ಕದ ಕುರ್ಚಿಯಲ್ಲಿ ನನ್ನ ಗಂಡ, ನಾನು ನೋಡಲ್ಲ ಕಣೇ ಅಂದರು, ಸುಮ್ನೆ ನೋಡ್ರೀ ಅಂದೆ, ಯಾಕೆಂದು ಹೇಳಲಿಲ್ಲ — ಓದಲಿ, ಚೆನ್ನಾಗಿ ಓದಲಿ, ಓದುತ್ತಿರುವುದು ಮಂತ್ರಿಗಳಿಗೇ ಅರ್ಥವಾಗುವುದಿಲ್ಲ, ಭಾಷಣ ಇಂಗ್ಲಿಷು, ಅಕ್ಷರ ಕನ್ನಡ, ಕೈಬರಹ ನನ್ನದು, ಹೈಸ್ಕೂಲಿನ ಇಂಗ್ಲಿಷ್ ಮೇಡಂ ಕನಕಲಕ್ಷ್ಮಿಯದು, ಏಳು ವರ್ಷದಿಂದ ಹೀಗೇ, ಉಸಿರೆಳೆಯಬೇಕಾದಲ್ಲಿ ಕೆಂಪು ಗೀಟು, ನಗಬೇಕಾದಲ್ಲಿ ಕಂಸದೊಳಗೆ ನಗುವುದು ಅಂತ ಬರೆಯುತ್ತೇನೆ, ನಗುತ್ತಾರೆ, ಈಗಲೂ ನಕ್ಕರು, ಅದೇ ನಗು, ಎರಡು ವರ್ಷದ ಹಿಂದೆ ಇವರ ಹೆಗಲ ಮೇಲೆ ಕೈಯಿಟ್ಟು ನಕ್ಕಿದ್ದು, ವೆಂಕಟೇಶಮೂರ್ತಿ, ಫೈಲ್ ಕಳ್ಸಪ್ಪ ನೀನು, ನಾನಿದೀನಲ್ಲ — ಮಂಚೇನಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆಂದು ಬಿಟ್ಟಿದ್ದ ಜಾಗ ಮಂತ್ರಿಗಳ ಭಾಮೈದನ ಹೆಸರಿಗೆ ಹೋಯಿತು, ಗಲಾಟೆಯಾದಾಗ ಸಸ್ಪೆಂಡ್ ಆದದ್ದು ಗುಮಾಸ್ತ, ನನ್ನ ಗಂಡ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಂದಿನಿಂದ ಇವರು ಬೀದಿಗಿಳಿದಿಲ್ಲ, ತರಕಾರಿ ಮಾರುವ ಚಿಕ್ಕವೆಂಕಟಮ್ಮ ಕೂಡ ಕೇಳಿದಳು, ನಿಮ್ ಯಜಮಾನ್ರು ಎಷ್ಟು ದುಡ್ಡು ತಿಂದ್ರಂತಮ್ಮ, ಬದನೆಕಾಯಿ ಅಲ್ಲೇ ಸುರಿದು ಬಂದೆ.

ಅಷ್ಟಾದ ಮೇಲೂ ಭಾಷಣ ನನ್ನ ಹತ್ತಿರವೇ ಬಂತು, ನಾಚಿಕೆ ಬೇಡವೇ, ಅವನ ವಿಷ್ಯ ಬೇರೆ, ನಿನ್ ಕೆಲ್ಸ ಬೇರೆ ಕಣಮ್ಮ ಅಂದರು ಫೋನಿನಲ್ಲಿ, ಆಗಲಿ ಸಾರ್ ಅಂದೆ, ಎಷ್ಟು ಮೆತ್ತಗೆ ಅಂದೆ, ಅವತ್ತೇ ಒಂಬತ್ತನೇ ಪುಟ ಹುಟ್ಟಿತು — ಹಾಸ್ಟೆಲ್ ಜಾಗ ಭಾಮೈದನಿಗೆ ಕೊಡಿಸಿದವನು ನಾನೇ, ತಪ್ಪನ್ನು ನನ್ನ ಗುಮಾಸ್ತನ ತಲೆಗೆ ಕಟ್ಟಿದೆ, ಅವನು ನಿರಪರಾಧಿ, ಆಮೇಲೆ ಇವರ ಹೆಸರು, ಹೆಸರು ಕೊನೆಗೇ, ಬಾಯಿಂದ ಜಾರಿದ ಮೇಲೆ ಗೊತ್ತಾಗಬೇಕು, ಮಿಕ್ಕಿದ್ದಕ್ಕೆಲ್ಲ ಅವರು ಹುಟ್ಟಿದಾಗಿನಿಂದ ಕೇಳಿರದ ಪದಗಳು, ಒಂದು ವಾರ ನಿಘಂಟು ಹಿಡಿದು ಹೆಕ್ಕಿದ್ದೇನೆ, ಪಿಎ ಗಣೇಶ್ ಪ್ರಸಾದ್ ಪುಟ ಎಣಿಸಿಕೊಂಡ, ಹನ್ನೊಂದಿದೆ, ಸರಿ ಮೇಡಂ ಅಂದ, ಓದಲಿಲ್ಲ, ನನ್ನ ಅಕ್ಷರದ ಮೇಲೆ ಯಾರಿಗೂ ಅನುಮಾನವಿಲ್ಲ — ನಾಳೆ ನನ್ನ ಕೆಲಸ ಹೋಗುತ್ತದೆ, ಹೋಗಲಿ, ಜೈಲಾದರೆ ಆಗಲಿ, ಕಳ್ಳ ಎಂಬ ಹೆಸರು ಇವರ ಮೇಲಿಂದ ಇಳಿದು ಆ ಮನುಷ್ಯನ ಹೆಗಲೇರಬೇಕು, ಅದೂ ಅವರದೇ ಬಾಯಿಂದ, ಏಳು, ಎಂಟು, ಎಂಜಲು, ಒಂಬತ್ತು, ಶುರುವಾಯಿತು, ಗೀಟು ಬಂದಲ್ಲಿ ಉಸಿರು, ಮತ್ತೆ ಓದು, ಎದುರಿಗಿದ್ದ ಹೆಂಗಸೊಬ್ಬಳು ಪೆನ್ನು ಕೆಳಗಿಟ್ಟು ತಲೆಯೆತ್ತಿದಳು, ಓದು ಮಹಾರಾಯ, ನಿಲ್ಲಿಸಬೇಡ — ವೆಂಕಟೇಶಮೂರ್ತಿ, ಬಂತು, ಸ್ಪಷ್ಟವಾಗಿ ಬಂತು, ನಕ್ಕರು ಕೂಡ, ಕಂಸದಲ್ಲಿ ಇದೆಯಲ್ಲ, ಆಮೇಲೆ ಆ ನಗು ಅರ್ಧದಲ್ಲೇ ಸತ್ತಿತು, ನನ್ನ ಹೊಟ್ಟೆ ತಣ್ಣಗಾಯಿತು, ಕೇಳಿಸ್ತೇನ್ರೀ ಎನ್ನಲು ತಿರುಗಿದೆ, ಕುರ್ಚಿ ಖಾಲಿ, ಇವರು ಎದ್ದು ನಿಂತಿದ್ದಾರೆ, ಮಡಿಚಿ ಕಟ್ಟಿದ್ದ ಪಂಚೆ ಇಳಿಬಿಟ್ಟು, ಕೈಕಟ್ಟಿ, ಮೊಬೈಲಿನ ಮುಂದೆ ತಲೆತಗ್ಗಿಸಿ, ಸಾರ್ ಅಂದರು, ಕರೆದ್ರಾ, ಹೇಳಿ ಸಾರ್ — ಕೂತ್ಕೊಳ್ರೀ ಅಂದೆ, ಕೂರಲಿಲ್ಲ, ಪಂಚೆ ಇಳಿಬಿಟ್ಟು, ಕೈಕಟ್ಟಿ, ನಿಂತೇ ಇದ್ದಾರೆ, ಕೈಕಟ್ಟಿ